ಏಳನೆಯ ತಲೆಮಾರಿಗೆ ಜಾಗವಿಲ್ಲ

ಊರ ಹಾಲಿನ ಡೈರಿಯ ಕಂಪ್ಯೂಟರು ನನ್ನ ಮಾತು ಕೇಳುತ್ತದೆ. ಅದೊಂದೇ ಆಧಾರದ ಮೇಲೆ, ಲೋಕದ ಕಂಪ್ಯೂಟರುಗಳೆಲ್ಲ ಕೇಳುತ್ತವೆಂದು ನಂಬಿದ್ದೆ.

ಮಗಳು ರಂಜಿತಾಗೆ ನಾಗಮಂಗಲದ ಕಿರಣನ ಸಂಬಂಧ ಬಂತು. ಇಬ್ಬರೂ ಆಗಲೇ ಒಬ್ಬರನ್ನೊಬ್ಬರು ಒಪ್ಪಿದ್ದರು. ಹುಡುಗನ ತಾಯಿ ಜಯಮ್ಮ ನಮ್ಮ ವಂಶದಿಂದಲೇ ಹೋದ ಹೆಣ್ಣು. ದೂರದ ಸಂಬಂಧದಲ್ಲಿ ನನಗೆ ತಂಗಿ. ಅಣ್ಣನ ಮಗಳನ್ನು ತಂಗಿಯ ಮಗನಿಗೆ ಕೊಡಬಹುದು. ಆದರೂ ವರಸೆ ಕೂಡುತ್ತದೆಯೇ ಎಂದು ಹಿರಿಯರು ನೋಡಿ ಹೇಳಬೇಕು. ಅದಕ್ಕಾಗಿ ಸಂತೆಬಾಚಹಳ್ಳಿಯ ಚಿಕ್ಕೇಗೌಡರು ಬರುವವರಿದ್ದರು.

ನಮ್ಮ ವಂಶಾವಳಿ ನನ್ನ ಬಳಿ ಇತ್ತು, ಸಾದಾ ಅಕ್ಷರದ ಫೈಲಿನಲ್ಲಿ. ಮೂಲಪುರುಷನ ಹೆಸರಿನ ಮುಂದೆ ಒಂದು ಹ್ಯಾಶ್ ಗುರುತು, ಅವನ ಮಕ್ಕಳಿಗೆ ಎರಡು. ಹೀಗೆ ಇಳಿದು ರಂಜಿತಾ, ಕಿರಣರ ತಲೆಮಾರಿಗೆ ಏಳು. ಇಷ್ಟೊಂದು ಹ್ಯಾಶುಗಳನ್ನು ಹಿರಿಯರ ಮುಂದಿಡುವುದು ಮರ್ಯಾದೆಯಲ್ಲ ಎನಿಸಿ, ಪ್ರತಿ ತಲೆಮಾರೂ ಒಂದೊಂದು ಹಂತ ಒಳಸರಿದು ಕಾಣುವ ಔಟ್‌ಲೈನ್ ಫೈಲಾಗಿ ಬದಲಿಸಿದೆ. ತಂತ್ರಾಂಶ ಇಂಗ್ಲಿಷಿನಲ್ಲಿ ಏನೋ ಎಚ್ಚರಿಸಿತು. ಸರಿ ಎಂದು ಒತ್ತಿದೆ.

ತೆರೆದುಕೊಂಡದ್ದು ಕನಸು! ಬಾಣದ ಗುರುತು ಒತ್ತಿದರೆ ಮುತ್ತಜ್ಜ ತನ್ನ ಸಂತಾನವನ್ನೆಲ್ಲ ಮಡಿಲೊಳಗೆ ಎಳೆದುಕೊಂಡು ಮಲಗುತ್ತಿದ್ದ. ಮತ್ತೆ ಒತ್ತಿದರೆ, ನಾಲೆಯ ಮೇಲಿನ ಮಂಜು ಸರಿದಂತೆ, ಸತ್ತವರೂ ಇದ್ದವರೂ ಒಬ್ಬರ ಹಿಂದೊಬ್ಬರು ಎದ್ದು ಬರುತ್ತಿದ್ದರು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಓದಿದೆನೇ? ಇಲ್ಲ. ಬರೀ ನೋಡಿದೆ.

ಭಾನುವಾರ ಎರಡೂ ಮನೆಯವರ ನಡುವೆ ಕೂತು ಚಿಕ್ಕೇಗೌಡರು ನನ್ನ ಮುದ್ರಿತ ಹಾಳೆಯ ಮೇಲೆ ಬೆರಳಿಟ್ಟರು. ಕಿರಣನಿಂದ ನಿಧಾನವಾಗಿ ಮೇಲಕ್ಕೆ ಹೋದರು. ರಂಜಿತಾಳಿಂದ ಮತ್ತೊಮ್ಮೆ ಹೋದರು.

"ಏನ್ಲಾ ನಾಗರಾಜ, ಎಲ್ಡು ಕವಲಲ್ಲೂ ಬರೀ ಗಂಡಸ್ರೇ ಅವ್ರೆ. ಇವು ದಾಯಾದಿ ಮಕ್ಳು ಕಣ್ಲಾ. ಅಣ್ಣ-ತಂಗಿ ಆಯ್ತಾರೆ!"

ಕಿರಣ ಕಾಫಿ ಲೋಟ ಕೆಳಗಿಟ್ಟ. ರಂಜಿತಾಳ ಕಣ್ಣು ತುಂಬಿತು.

"ನಾ ಎಲ್ಲಿವ್ನಿ ಗೌಡ್ರೇ ಇದ್ರಲ್ಲಿ?" ಜಯಮ್ಮ ಹಾಳೆಯತ್ತ ಬಾಗಿದಳು.

"ಇಲ್ಲೇ ಅವ್ಳಲ್ಲವ್ವ ಜಯಮ್ಮ, ಕಿರಣನ ಅಕ್ಕ."

ನನ್ನ ಹೆಂಡತಿ ಸಾವಿತ್ರಿ ಹಾಳೆ ಕಿತ್ತುಕೊಂಡಳು. ನನ್ನ ಹೆಸರಿನ ಕೆಳಗೆ, ಒಂದಿಷ್ಟೂ ಒಳಸರಿಯದೆ ಅದೇ ಸಾಲಿಗೆ ಸರಿಯಾಗಿ, ರಂಜಿತಾ.

"ಏನ್ರೀ, ಇವ್ಳು ನಿಮ್ ತಂಗಿನಾ? ಅಂಗಾದ್ರೆ ಇಷ್ಟು ವರ್ಷ ನಾನು ನಾದ್ನಿಗೆ ಜಡೆ ಹಾಕ್ತಿದ್ನಾ?"

ಆಗ ನನಗೆ ಬೆಳಕಾಯಿತು. ಆ ತಂತ್ರಾಂಶಕ್ಕೆ ಗೊತ್ತಿದ್ದುದು ಆರೇ ಹಂತ. ಏಳನೆಯವರನ್ನು ಆರಕ್ಕೆ ಏರಿಸಿ, ಮಕ್ಕಳನ್ನೆಲ್ಲ ಹೆತ್ತವರ ಒಡಹುಟ್ಟಿದವರನ್ನಾಗಿ ಮಾಡಿತ್ತು. ಎಚ್ಚರಿಸಿದ್ದೂ ಅದನ್ನೇ!

"ಬಾಯಲ್ಲಿ ಯೋಳ್ಲಾ" ಎಂದರು ಚಿಕ್ಕೇಗೌಡರು. ಹೇಳಿದೆ. ಬೆರಳು ಮಡಿಸಿದರು. ಅರೆ ನಿಮಿಷ.

"ಕೂಡ್ತದೆ ಬುಡು. ತಾಂಬೂಲದ ತಟ್ಟೆ ತಗಂಬನ್ರವ್ವ."

ಲಗ್ನಪತ್ರಿಕೆಯ ಕೆಲಸವನ್ನು ಗಂಡಿನ ಕಡೆಯವರೇ ವಹಿಸಿಕೊಂಡರು. ಹುಡುಗಿಯ ತಂದೆಯಾದ ನನಗೆ ಸಿಕ್ಕ ಜವಾಬ್ದಾರಿ ಬಾಳೆಎಲೆ ಹಾಸುವುದು. ಮದುವೆಯ ದಿನ, ಎಲೆಯ ತುದಿ ಎಡಗಡೆಗೇ ಬರುತ್ತಿದೆಯೇ ಎಂದು, ಮೊದಲ ಪಂಕ್ತಿ ಮುಗಿಯುವವರೆಗೂ ಸಾವಿತ್ರಿ ನನ್ನ ಬೆನ್ನ ಹಿಂದೆಯೇ ನಡೆದಳು.