ಬೋಜಪ್ಪ ಎಂಬ ಮೆಷಿನ್

ಕಾಳುಮೆಣಸು ಕೊಯ್ಯುವ ಕಾಲ, ಕಣದಲ್ಲಿ ಇಬ್ಬನಿ ಇನ್ನೂ ಆರದ ಹೊತ್ತು. ಗಾಳಿಬೀಡಿನ ಬೋಜಪ್ಪ ಜೀಪಿನಿಂದ ಮೆಣಸು ಬಿಡಿಸುವ ಮೆಷಿನ್ ಇಳಿಸಿದ. ಅಲ್ಲಿಯವರೆಗೆ ಆ ಕೇರಿಯವರೆಲ್ಲ ಗೊಂಚಲನ್ನು ಕಾಲಲ್ಲಿ ತುಳಿದೇ ಕಾಳು ಬಿಡಿಸುತ್ತಿದ್ದರು.

ಮೆಷಿನ್ ತಂದದ್ದು ಬರೀ ಮೆಣಸಿಗಲ್ಲ, ಹೆಸರಿಗೂ. ಆ ಕೇರಿಯ ರೂಢಿಯೇ ಬೇರೆ. ಅಲ್ಲಿ ಗ್ಯಾಸ್‌ಲೈಟಿಗೆ ಕೃಷ್ಣಪ್ಪ ಅನ್ನುತ್ತಾರೆ, ಮಿಕ್ಸಿಗೆ ಕುಸುಮಾ. "ಕುಸುಮನ್ನ ತೊಳೆದು ಕವುಚಿ ಹಾಕು" ಎಂದರೆ ಹೊಸ ಸೊಸೆಯಂದಿರು ಮೊದಲ ದಿನ ಬೆಚ್ಚಿಬೀಳುತ್ತಾರೆ. ಯಾವ ಸಾಮಾನನ್ನು ಯಾರು ಮೊದಲು ತಂದರೋ ಅವರ ಹೆಸರೇ ಅದಕ್ಕೆ ನಿಲ್ಲುತ್ತದೆಂದು ಬೋಜಪ್ಪ ನಂಬಿದ್ದ. ಮಕ್ಕಳಿಲ್ಲದ ಅವನಿಗೆ, ತಾನು ಹೋದ ಮೇಲೂ ತನ್ನ ಹೆಸರು ನಾಲ್ಕು ಜನರ ಬಾಯಲ್ಲಿರಲಿ ಎಂಬ ಆಸೆ.

"ಇದ್ರ ಹೆಸರು ಬೋಜಪ್ಪ. ಎಲ್ರೂ ಹಾಗೇ ಕರೀಬೇಕು" ಎಂದು, ಸೇರಿದವರಿಗೆಲ್ಲ ಕಾಫಿ ಕೊಟ್ಟು ಮಾತು ತೆಗೆದುಕೊಂಡ.

"ಬೋಜಪ್ಪಂಗೆ ಎಂತ ಕುಡಿಸೋದು, ಡೀಸೆಲ್ಲಾ?" ಪಕ್ಕದ ತೋಟದ ತೀರ್ಥಪ್ರಸಾದ್ ಕೇಳಿದ.

"ಕರೆಂಟು ಸಾಕು ಮಾರಾಯ. ನೀ ದೂರ ನಿಲ್ಲು."

ದೂರ ನಿಲ್ಲುವ ಆಸಾಮಿಯಲ್ಲ ಅವನು. ಬೋಜಪ್ಪ ಸ್ವಿಚ್ ಹಾಕಿದ್ದೇ ತಡ, ಗೊಂಚಲಿನ ಇಡೀ ಬುಟ್ಟಿಯನ್ನು ಒಂದೇ ಸಲ ಒಳಗೆ ಸುರಿದ. ಮೆಷಿನ್ ಉರುಳಿಗೆ ಬಿದ್ದ ಕಾಡುಹಂದಿಯಂತೆ ಗುರುಗುಟ್ಟಿ ಕಾಳನ್ನೆಲ್ಲ ಹೆಂಚಿನ ಮೇಲಕ್ಕೆ ಉಗುಳಿತು. ತಡೆಯಲು ಬಾಗಿದ ಬೋಜಪ್ಪನ ಪಂಚೆಯ ತುದಿ ಹಿಡಿಯಿತು. ಹೆಂಡತಿ ಗಂಗೆ ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಪಂಚೆ ಒಳಗೆ, ಬೋಜಪ್ಪ ಚಡ್ಡಿಯಲ್ಲಿ ಹೊರಗೆ.

ಜಗಲಿಯ ಮೇಲೆ ಕೂತು ನೋಡುತ್ತಿದ್ದ, ಕೇರಿಗೇ ಹಿರಿಯಳಾದ ನೀಲಾವತಿ ಅಜ್ಜಿ ನಕ್ಕು ಕಣ್ಣೊರೆಸಿಕೊಂಡಳು. "ಈಗ ಹೆಸರು ಕೂತಿತು ನೋಡು ಮಗ."

"ಈಗ ಎಂತ ಅಜ್ಜಿ? ತಂದಾಗಲೇ ಕೂತಿತ್ತಲ್ಲ?"

"ತಂದವರ ಹೆಸರು ಯಾರು ಇಡ್ತಾರೆ? ಗ್ಯಾಸ್‌ಲೈಟು ತಂದದ್ದು ನನ್ನ ಗಂಡ. ಅದರಲ್ಲಿ ಮೀಸೆ ಸುಟ್ಟುಕೊಂಡವ ಕೃಷ್ಣಪ್ಪ. ಮುಚ್ಚಳ ಹಾಕದೆ ಚಟ್ನಿ ಅಟ್ಟಕ್ಕೆ ಹಾರಿಸಿದವಳು ಕುಸುಮಾ. ಜನ ನಕ್ಕ ಕಡೆ ಹೆಸರು ನಿಲ್ತದೆ. ನನ್ನ ಗಂಡನ ಹೆಸರು ಇಲ್ಲಿ ಯಾರಿಗೆ ನೆನಪುಂಟು, ಹೇಳಿ?"

ಬೋಜಪ್ಪ ಗೋಣಿಚೀಲವೊಂದನ್ನು ಸೊಂಟಕ್ಕೆ ಸುತ್ತಿಕೊಂಡ.

"ಹಾಗಾದ್ರೆ ಮೆಷಿನ್ ಅಂತಲೇ ಕರೀರಪ್ಪ."

"ಅದು ಹೇಗೆ ಬೋಜಣ್ಣ?" ಎಂದ ತೀರ್ಥಪ್ರಸಾದ್. "ಕಾಫಿ ಕುಡಿದು ಮಾತು ಕೊಟ್ಟಾಗಿದೆ."

ಬೋಜಪ್ಪ ಮೆಷಿನ್ನೇ ಬೇಡವೆಂದದ್ದಕ್ಕೆ, ಶನಿವಾರ ಅದನ್ನು ಮಾರಿದ ಅಂಗಡಿಯ ಜೀಪು ಬಂದು ಮೆಷಿನನ್ನು ಸುಂಟಿಕೊಪ್ಪಕ್ಕೆ ವಾಪಸು ಹೊತ್ತೊಯ್ದಿತು. ಅದರ ಹೊಟ್ಟೆಯಲ್ಲಿದ್ದ ಪಂಚೆಯೂ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ.