ಜನ ಇಲ್ಲದ ಗೋಪುರ

ನಮ್ಮ ಚಾಮರಾಜನಗರದ ಕಡೆ ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸಾಕು, ಜನ ಬಂದು ಅದರ ಮುಂದೆ ನಿಂತುಬಿಡ್ತಾರೆ. ಹೀಗಾಗಿ ಬರೀ ಕಟ್ಟಡದ ಫೋಟೋ ತೆಗೆಯೋ ಹುಚ್ಚು ಹತ್ತಿಸಿಕೊಂಡ ನನಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಗುಂಡ್ಲುಪೇಟೆಯಲ್ಲಿ ನನ್ನ ಸ್ಟುಡಿಯೋ. ಎರಡು ಸಾವಿರದ ಇಸವಿ ದಾಟಿದ ಹೊಸತು, ಇನ್ನೂ ರೀಲಿನ ಕಾಲ. ಮೈಸೂರಿನಲ್ಲಿ ದೇಶವಿದೇಶದ ಕಟ್ಟಡಗಳ ಫೋಟೋ ಪ್ರದರ್ಶನ, ಯಾರು ಬೇಕಾದರೂ ಒಂದು ಫೋಟೋ ಕಳಿಸಬಹುದು, ಬಹುಮಾನಾನೂ ಉಂಟು ಅಂತ ಗೊತ್ತಾಯ್ತು. ಅರಿಶಿನ ಮಂಡಿ ಇಟ್ಟಿದ್ದ ನಮ್ಮ ಮಾವ, ಅಂದ್ರೆ ಹೆಂಡತಿಯ ಅಪ್ಪ, ನಕ್ಕುಬಿಟ್ಟರು.

"ಜನಾನೇ ಇಲ್ದಿರೋ ಫೋಟೋ ಯಾರ್ ನೋಡಾರು ಕಣಪ್ಪಾ? ಇದೊಂದ್ಸಲ ಕಳ್ಸಿ ನೋಡು. ಬಹುಮಾನ ಬರ್ಲಿಲ್ವಾ, ಸ್ಟುಡಿಯೋ ಬಾಗ್ಲಾಕ್ಬುಟ್ಟು ಮಂಡಿಗೆ ಬಂದ್ಬುಡು."

ರೋಷ ಬಂತು. "ಆಗಲಿ" ಅಂದುಬಿಟ್ಟೆ. ಒಳಗೆ ಹೆಂಡತಿ ಹಣೆ ಚಚ್ಚಿಕೊಂಡಳು.

ಎಂಟು ಗಂಟೆ ಬಸ್ಸು

ಎಳೆಬಿಸಿಲಿಗೆ ಚಾಮರಾಜನಗರದ ದೇವಸ್ಥಾನದ ಗೋಪುರಕ್ಕೆ ಕ್ಯಾಮೆರಾ ಹಿಡಿದೆ. ಪೂಜೆ ಮುಗಿಸಿ ಬಂದ ಒಂದು ಸಂಸಾರ ನೋಡಿತು. ಅವರ ಮಗಳ ಮದುವೆ ಫೋಟೋ ತೆಗೆದವನು ನಾನೇ. ಮಾತಿಲ್ಲ ಕತೆಯಿಲ್ಲ, ಎತ್ತರದವರು ಹಿಂದೆ, ಕುಳ್ಳಗಿರೋರು ಮುಂದೆ, ಅಜ್ಜಿ ನಡುವೆ, ಸಾಲಾಗಿ ನಿಂತೇಬಿಟ್ಟರು.

"ಅಮ್ಮಾ, ಗೋಪುರ ತೆಗೀತಿದೀನಿ, ಸ್ವಲ್ಪ ಆಚೆ ಬನ್ನಿ" ಅಂದೆ.

ಅಜ್ಜಿಗೆ ಸಿಟ್ಟು ಬಂತು. "ಗೋಪುರ ಎಲ್ಲಿಗೋದದು? ಇಲ್ಲೇ ಇರ್ತದೆ. ನಾವ್ ಎಂಟ್ ಗಂಟೆ ಬಸ್ಸಿಗೆ ಓಗ್ಬೇಕು, ಮೊದ್ಲು ನಮ್ದು ತಗಿ!"

ಬೊಂಬೆ ಮೀಸೆ

ಗುಂಡ್ಲುಪೇಟೆಯ ಹೊರಗೆ ಒಬ್ಬರು ಕ್ಯಾಲೆಂಡರಿನಲ್ಲಿದ್ದ ವಿದೇಶದ ಅರಮನೆ ನೋಡಿ, ಹಂಗೇ ಕಂಬ, ಗುಮ್ಮಟ ಇಡಿಸಿ ಮನೆ ಕಟ್ಟಿಸಿದ್ದರು. "ಧಾರಾಳವಾಗಿ ತಗೀರಿ, ನಾಳೆ ಬನ್ನಿ" ಅಂದರು.

ಮಾರನೇ ದಿನ ಹೋದರೆ ಮನೆಯೇ ಮಾಯ! ಮುಂದುಗಡೆ ಆಳೆತ್ತರದ ದೃಷ್ಟಿಬೊಂಬೆ, ಎರಡು ಬೂದುಗುಂಬಳ, ಹಳೇ ಚಪ್ಪಲಿ ಸರ, ಕಂಬಗಳಿಗೆಲ್ಲ ಕರೀ ಕಂಬಳಿ.

"ಏನ್ರೀ ಇದು?" ಅಂದೆ.

"ಮೈಸೂರಲ್ಲಿ ಅಷ್ಟು ಜನದ ಕಣ್ಣು ಬೀಳ್ತದಲ್ಲ ಸಾ! ಮನೆ ಕಾಣ್ದಿದ್ರೂ ಚಿಂತಿಲ್ಲ, ಬೊಂಬೆ ಮೀಸೆ ಮಾತ್ರ ಚೆನ್ನಾಗ್ ಬರ್ಲಿ."

ಕೊನೇ ಫೋಟೋ

ಹಿಂಗೆ ಎರಡೂ ಕೈಕೊಟ್ಟ ಮೇಲೆ ಉಳಿದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ. ಫೋಟೋ ಕಳಿಸೋ ಗಡುವಿಗೆ ಎರಡೇ ದಿನ. "ನಾನೂ ನೋಡ್ಬುಡ್ತೀನಿ" ಅಂತ ಮಾವನೂ ಜೀಪು ಹತ್ತಿದರು.

ಮೇಲೆ ಮಂಜೋ ಮಂಜು. ಈಗ ಕಂಡಿತು, ಆಗ ಕಂಡಿತು ಅಂತ ಒತ್ತಿ ಒತ್ತಿ, ಬರೀ ಮಂಜನ್ನೇ ತೆಗೆದು, ರೀಲಿನಲ್ಲಿ ಒಂದೇ ಒಂದು ಫೋಟೋ ಉಳಿಯಿತು. ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ಮಂಜು ಸರಿಯಿತು, ಗೋಪುರದ ಮೇಲೆ ಬಿಸಿಲು ಬಿತ್ತು, ತುದಿಯ ಮೇಲೇ ಕಣ್ಣಿಟ್ಟು ಒತ್ತಿಬಿಟ್ಟೆ.

ಒತ್ತಿದ ಮೇಲೆ ನೋಡ್ತೀನಿ, ಗೋಪುರದ ಬಾಗಿಲಲ್ಲಿ ಮಾವ! ಶಲ್ಯ ಕೊಡವಿ ಹಾಕ್ಕೊಂಡು, ಎರಡೂ ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ.

"ಅಯ್ಯೋ ಮಾವಾ, ಕೆಟ್ಟೆ!" ಅಂತ ಕಿರುಚಿದೆ.

"ಬಿಸ್ಲು ಬಂತಲ್ಲ ಕಣಪ್ಪಾ, ಅದ್ಕೇ ನಿಂತ್ಕಂಡೆ" ಅಂದರು.

ಬೇರೆ ಗತಿಯಿಲ್ಲದೆ ಅದನ್ನೇ ಕಳಿಸಿ, ಮಂಡಿಗೆ ಹೋಗೋಕೆ ಮನಸ್ಸು ಗಟ್ಟಿ ಮಾಡ್ಕೊಂಡೆ. ಆಮೇಲೆ ಕಾಗದ ಬಂತು ನೋಡಿ, ಮೊದಲನೇ ಬಹುಮಾನ! ಗೋಪುರ ಎಷ್ಟು ಎತ್ತರ ಅನ್ನೋದು ಮುಂದೆ ನಿಂತ ಮನುಷ್ಯನಿಂದ ಗೊತ್ತಾಗುತ್ತೆ ಅಂತ ಮೆಚ್ಚುಗೆ ಬೇರೆ. ಸ್ಟುಡಿಯೋದಲ್ಲೇ ಕುಣಿದಾಡಿಬಿಟ್ಟೆ.

ಪ್ರದರ್ಶನಕ್ಕೆ ಮಾವ ಅದೇ ಶಲ್ಯ ಹಾಕ್ಕೊಂಡು ಬಂದು, ಫೋಟೋ ಪಕ್ಕ ಹಂಗೇ ನಿಂತರು. "ನಮ್ ಅಳಿಯ ತಗ್ದಿರೋದು" ಅಂತ ಬಂದವರಿಗೆಲ್ಲ ಹೇಳೋದು ಕೇಳಿ ನನ್ನ ಕಣ್ಣು ತುಂಬಿತು.

ಆದರೂ ಬಿಡಲಿಲ್ಲ. "ಮಾವ, ಮಂಡಿಗೆ ಯಾವತ್ತು ಬರ್ಲಿ?" ಅಂತ ಕೆಣಕಿದೆ.

ಅವರು ಪಕ್ಕದ ಫೋಟೋನೇ ನೋಡ್ತಿದ್ದರು. ಇಟಲಿಯ ಆ ವಾಲಿದ ಗೋಪುರ, ಸುತ್ತ ನರಪಿಳ್ಳೆ ಇಲ್ಲ.

"ಮಂಡಿ ಮಾತ್ ಬುಡು. ಇಲ್ಲಿಗ್ ಯಾವಾಗ ಓಗನ ಏಳು. ಮುಂದೆ ನಿಲ್ಲಕ್ಕೆ ಒಬ್ ಮನ್ಸ ಇಲ್ದೆ, ಪಾಪ, ಎಂಗ್ ವಾಲ್ಕಂಡದೆ ನೋಡು!"