ಒಂದನ್ನು ಒತ್ತದ ಮುನಿಯಮ್ಮ

ನನಗೆ ಎರಡು ಧ್ವನಿಗಳಿವೆ ಎಂಬುದು ನನಗೇ ತಿಳಿದದ್ದು ನಲವತ್ತೈದು ದಾಟಿದ ಮೇಲೆ. ಒಂದು ದೇವರು ಕೊಟ್ಟದ್ದು. ಮನೆಯಲ್ಲಿ ಟವೆಲ್ ಸಿಗದಿದ್ದರೆ ಬೀದಿಯ ಕೊನೆಯವರೆಗೂ ಕೇಳುವಂಥದ್ದು. ಇನ್ನೊಂದು ಕುಂದಾಣದ ನಮ್ಮ ಮಾಹಿತಿ ಕೇಂದ್ರದವರು ಸಂಬಳ ಕೊಟ್ಟು ಹೊರಡಿಸಿದ್ದು. ಅಂಗೈಯಗಲ ಜಮೀನಿನಲ್ಲಿ ಹೂ ಬೆಳೆಯುವವರು ಪೇಟೆಯ ರೇಟು ತಿಳಿಯದೆ ಮೋಸಹೋಗಬಾರದೆಂದು ಕೇಂದ್ರದಿಂದ ದಿನಾ ಬೆಳಿಗ್ಗೆ ಅವರ ಮೊಬೈಲಿಗೆ ಒಂದು ಕರೆ ಹೋಗುತ್ತಿತ್ತು. ಅದರೊಳಗಿನ ರೆಕಾರ್ಡ್ ಮಾಡಿದ ಧ್ವನಿ ನನ್ನದು. ಏರ್‌ಪೋರ್ಟ್ ಬಂದ ಮೇಲೆ ನಮ್ಮ ತಲೆಯ ಮೇಲೆ ಸದಾ ಸದ್ದು. ಒಂದು ವಿಮಾನ ಹೋಗಿ ಇನ್ನೊಂದು ಬರುವುದರೊಳಗೆ "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದು ಶುರುಮಾಡಿ, ಸೇವಂತಿಗೆ, ಕನಕಾಂಬರಗಳ ರೇಟು ಹೇಳಿ, "ಕೇಳಿಸಿದ್ದರೆ ಒಂದನ್ನು ಒತ್ತಿ" ಎಂದು ಮುಗಿಸಬೇಕು. ತಿಂಗಳಿಡೀ ಒಂದನ್ನು ಒತ್ತದವರ ಹೆಸರು ಪಟ್ಟಿಯಿಂದ ಹೊರಕ್ಕೆ. ಕೇಳಿಸಿಕೊಳ್ಳದವರಿಗೆ ಕರೆ ಯಾಕೆ ಎಂಬುದು ಕಂಪ್ಯೂಟರಿನ ನ್ಯಾಯ.

ಒಂದು ತಿಂಗಳು ತೆಗೆದುಹಾಕುವವರ ಪಟ್ಟಿಯಲ್ಲಿ ಮುನಿಯಮ್ಮನ ಹೆಸರು ಬಂತು. ಗಂಡನಿಲ್ಲದ, ಹತ್ತು ಗುಂಟೆ ಸೇವಂತಿಗೆಯಲ್ಲೇ ಬದುಕುವ ಹೆಂಗಸು. ಕಾಡಿಬೇಡಿ ನಾನೇ ಸೇರಿಸಿದ್ದವಳು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ರೆಕಾರ್ಡಿಂಗ್ ಮುಗಿಸಿದವನೇ ಗಾಡಿ ಹತ್ತಿ ಅವಳ ಜಗಲಿಯಲ್ಲಿ ಹಾಜರಾದೆ. "ಒಂದು ಬಟನ್ ಒತ್ತೋಕೆ ನಿಂಗೇನಮ್ಮಾ ಕಷ್ಟ?" ಎಂದು ಗದರುತ್ತಿರುವಾಗಲೇ ಅವಳ ಫೋನು ಬಡಿದುಕೊಂಡಿತು. ನಮ್ಮ ಕೇಂದ್ರದ್ದೇ ಕರೆ.

ಮುನಿಯಮ್ಮ ಸೆರಗು ಸರಿಮಾಡಿಕೊಂಡು, ನನ್ನತ್ತ ಸುಮ್ಮನಿರೆಂದು ಕೈ ತೋರಿಸಿ, "ಚೆನ್ನಾಗಿವ್ನಿ ಕಣಪ್ಪಾ, ನೀನು ಕಾಪಿ ಕುಡುದ್ಯಾ?" ಎಂದಳು. ಆಮೇಲೆ ರೇಟಿಗೆಲ್ಲ ಊಂ ಊಂ ಎಂದಳು. ಕರೆ ತಾನಾಗಿ ನಿಲ್ಲುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಬಂದ ಹೂವಿನ ಏಜೆಂಟು, "ಇವತ್ತು ರೇಟು ಬಿದ್ದೋಗದೆ ಕಣಮ್ಮೋ" ಎಂದ. "ಸುಳ್ಳು ಹೇಳ್ಬ್ಯಾಡ ಹೋಗ್ಲಾ! ನಮ್ ಹುಡ್ಗ ಈಗ್ತಾನೆ ಎಲ್ಲಾ ಹೇಳ್ದ. ಬಸ್ಸಿಗೇ ಹಾಕಿ ಪೇಟೆಗೆ ಕಳಿಸ್ತೀನಿ" ಎಂದಳು. ಅವನು ಗೊಣಗುತ್ತ ಹೋದ. ಪಟ್ಟಿಯಿಂದ ಹೆಸರು ಹೋದರೆ ನಾಳೆಯಿಂದ ಇವನು ಹೇಳಿದ್ದೇ ರೇಟು ಎಂದು ನೆನೆದು ನನಗೆ ಸಂಕಟವಾಯಿತು.

"ಮತ್ತೆ ಒಂದು ಯಾಕೆ ಒತ್ತಲ್ಲ?"

"ಒತ್ತಿದ್ರೆ ಕಟ್ಟಾಗೋಯ್ತದಲ್ಲಪ್ಪಾ. ಅಷ್ಟು ದೂರದಿಂದ ಮಾತಾಡ್ತವ್ನೆ, ಫೋನ್ ಇಡ್ಲಾ ಅಂತ ಅವ್ನೂ ಕೇಳ್ಲಿಲ್ಲ, ಇಡಪ್ಪಾ ಅಂತ ನಾನೂ ಅನ್ಲಿಲ್ಲ. ಮುಖಕ್ಕೆ ಬಾಗಿಲು ಹಾಕ್ದಂಗೆ ಆಗಲ್ವಾ?"

ನಾನು ಎದೆಯುಬ್ಬಿಸಿ, "ಆ ಹುಡ್ಗ ನಾನೇ ಕಣಮ್ಮಾ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸುಮ್ನಿರಪ್ಪಾ. ಆ ಮಗ ಎಷ್ಟು ನಯವಾಗಿ ಮಾತಾಡ್ತಾನೆ. ನೀನು ಬಂದಾಗಿಂದ ಗದರ್ತಾನೇ ಇದ್ದೀಯ."

ಮರುದಿನ ರೆಕಾರ್ಡಿಂಗಿನ ಕೊನೆಗೆ ನಾನೇ ಒಂದು ಮಾತು ಸೇರಿಸಿದೆ: "ಹೇಳೋದೆಲ್ಲಾ ಹೇಳಾಯ್ತು ಅಮ್ಮಾ, ಹೋಗಿಬರ್ತೀನಿ. ಒಂದನ್ನು ಒತ್ತಿ ಕಳಿಸಿಕೊಡಿ." ಅವತ್ತೇ ಮುನಿಯಮ್ಮ ಒತ್ತಿದಳು. ಅವಳಂತೆಯೇ ಮರ್ಯಾದೆಗೆ ಅಂಜಿ ಕಿವಿಗೆ ಫೋನು ಹಿಡಿದು ಕೂತಿದ್ದ ಇನ್ನೆಷ್ಟೋ ಹೆಂಗಸರೂ ಒತ್ತಿದರು. ಆ ತಿಂಗಳ ಕೊನೆಗೆ ತೆಗೆದುಹಾಕುವ ಪಟ್ಟಿಯಲ್ಲಿ ಉಳಿದದ್ದು ಒಂದೇ ನಂಬರು. ಅದು ನನ್ನ ಹೆಂಡತಿಯದು. ಹಿತ್ತಲಿನಲ್ಲಿರುವ ಒಂದೇ ಒಂದು ದಾಸವಾಳದ ಗಿಡವನ್ನು ನಂಬಿ, ನನಗೆ ತಿಳಿಯದಂತೆ, ಹೂ ಬೆಳೆಗಾರ್ತಿಯೆಂದು ಹೆಸರು ಬರೆಸಿಬಿಟ್ಟಿದ್ದಳು.

ಮನೆಗೆ ಹೋಗಿ ವಿಚಾರಣೆ ಶುರುಮಾಡಿದೆ. ಅವಳು ಸೊಪ್ಪು ಬಿಡಿಸುತ್ತಲೇ ಹೇಳಿದಳು: "ಇಪ್ಪತ್ತು ವರ್ಷದಲ್ಲಿ ಒಂದಿನ ನನಗೆ ಹೋಗಿಬರ್ತೀನಿ ಅಂದಿದ್ದೀರೇನ್ರೀ? ಫೋನಲ್ಲಾದ್ರೂ ಅಂತೀರಲ್ಲಾ, ಹೆಂಗೆ ಕಟ್ ಮಾಡ್ಲಿ?"

ದೇವರು ಕೊಟ್ಟ ಧ್ವನಿ ಗಂಟಲವರೆಗೂ ಬಂದಿತ್ತು. ಕಷ್ಟಪಟ್ಟು ನುಂಗಿದೆ. ಸಂಬಳದ ಧ್ವನಿಯನ್ನು ಹುಡುಕಿ ತೆಗೆದು, "ಕಾಫಿ ಕುಡಿದ್ಯಾ?" ಎಂದು ಕೇಳಿದೆ. ಅವಳು ಗಾಬರಿಯಿಂದ ಎದ್ದುಬಂದು ನನ್ನ ಹಣೆ ಮುಟ್ಟಿ ನೋಡಿದಳು.